ಅಳಿಸಿದ ಪತ್ರ, ಅಡಗಿಸಿಟ್ಟ ಪ್ರತಿ

ಸಿಬ್ಬಂದಿ ಅಳಿಸಿಹಾಕಿದ ಮಿಂಚಂಚೆಗಳನ್ನು ಸರ್ವರಿನಲ್ಲಿ ಏಕೆ ಉಳಿಸಿಕೊಳ್ಳುತ್ತೀರಿ ಎಂದು ಫೋರ್ಟಿನ ಕಚೇರಿಗಳಲ್ಲಿ ವಿಚಾರಿಸಿದಾಗಲೆಲ್ಲ ನಮಗೆ ದೊರೆತ ಉತ್ತರ ಒಂದೇ: 'ಬ್ಯಾಕಪ್‌ಗಾಗಿ'. ಆ ಮಾತು ಬಂದ ಮೇಲೆ ಕೇಳಿದವನು ಸುಮ್ಮನಾಗಬೇಕು. ಇನ್ನೂ ಕೇಳಿದರೆ ತಂತ್ರಜ್ಞಾನ ತಿಳಿಯದವನೆನಿಸಿಕೊಳ್ಳುತ್ತಾನೆ. ಕಳೆದ ತಿಂಗಳು ಇದೇ ಮಾತು ನಮ್ಮ ಬಳಗದ ಕಾರ್ಯಕಾರಿ ಸಮಿತಿಯೊಳಕ್ಕೂ ಬಂದಿತು. ಬಳಗದ ಅಂಚೆಪೆಟ್ಟಿಗೆಗೆ ಬರುವ, ಅಲ್ಲಿಂದ ಹೋಗುವ ಪ್ರತಿಯೊಂದು ಪತ್ರದ ಇನ್ನೊಂದು ಪ್ರತಿ ಯಾರ ಕಣ್ಣಿಗೂ ಬೀಳದ ಖಾತೆಯೊಂದರಲ್ಲಿ ಶೇಖರವಾಗುತ್ತಿರಲಿ. ಯಾರು ಅಳಿಸಿದರೂ ಆ ಪ್ರತಿ ಅಳಿಯದಿರಲಿ. ಬರಿಯ ಬ್ಯಾಕಪ್ ಆದುದರಿಂದ ಸದಸ್ಯರಿಗೆ ತಿಳಿಸುವ ಅಗತ್ಯವೂ ಇಲ್ಲ ಎಂಬುದು ಸಲಹೆ. ಕೊಟ್ಟವರು ಬಳಗದ ಹಿತೈಷಿಗಳೇ. ಆದರೂ ನಾವು ಅದನ್ನು ಒಪ್ಪಲಿಲ್ಲ.

ಸಲಹೆ ಗಾಳಿಯಲ್ಲಿ ಹುಟ್ಟಿದ್ದಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಎರಡು ವರ್ಷಗಳ ಹಿಂದೆ ಪೆಟ್ಟಿಗೆ ತುಂಬಿತೆಂಬ ಎಚ್ಚರಿಕೆ ಬಂದಾಗ ಅಂದಿನ ಕಾರ್ಯದರ್ಶಿಗಳು ಹಳೆಯವನ್ನೆಲ್ಲ ಒಟ್ಟಾಗಿ ಗುರುತುಮಾಡಿ ಅಳಿಸಿಬಿಟ್ಟರು. ಸ್ಮರಣ ಸಂಚಿಕೆಗೆಂದು ಹಿರಿಯರು ಬರೆದು ಕಳುಹಿಸಿದ್ದ ನೆನಪುಗಳೂ ಅವುಗಳೊಂದಿಗೆ ಹೋದವು. ಹಗಲಲ್ಲಿ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತ ಮೆಟ್ರಿಕ್ ಮುಗಿಸಿ, ಬ್ಯಾಂಕು-ವಿಮಾ ಕಚೇರಿಗಳ ಗುಮಾಸ್ತರಾದವರ ಬರಹಗಳವು. ಬರೆದವರಲ್ಲಿ ಇಬ್ಬರು ಇಂದು ನಮ್ಮೊಡನಿಲ್ಲ. ಸರ್ವರ್ ನಡೆಸುವ ಸಂಸ್ಥೆಯನ್ನು ಕೇಳಿಕೊಂಡೆವು. ಅವಧಿ ಮೀರಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಆತುರ ಈಗ ನಮ್ಮಲ್ಲಿ ಕಾಣಿಸಿಕೊಂಡಿದ್ದರೆ ಅಚ್ಚರಿಯಿಲ್ಲ. ಆದರೆ ಯಾವ ಬಾಗಿಲು ಹಾಕುತ್ತಿದ್ದೇವೆ, ಯಾರನ್ನು ಒಳಗಿಟ್ಟು ಹಾಕುತ್ತಿದ್ದೇವೆ ಎಂಬುದನ್ನಾದರೂ ನೋಡಬೇಡವೇ?

ಬ್ಯಾಕಪ್ ಎಂದರೇನು? ಇಟ್ಟುಕೊಳ್ಳಬೇಕೆಂದು ನಾವು ಬಯಸಿದ್ದು ಯಂತ್ರ ಕೆಟ್ಟಾಗಲೋ ಬೆಂಕಿ ಬಿದ್ದಾಗಲೋ ಕೈತಪ್ಪದಿರಲೆಂದು ಬೇರೆಡೆ ಇರಿಸುವ ಪ್ರತಿ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನ ತಂತ್ರಾಂಶದಲ್ಲಿ ದೋಷವುಂಟಾಗಿ, ಬಳಕೆದಾರರಲ್ಲಿ ಸುಮಾರು ಶೇಕಡಾ 0.02ರಷ್ಟು ಮಂದಿಯ ಪೆಟ್ಟಿಗೆಗಳು ಬರಿದಾಗಿ ಕಂಡವು. ಸರ್ವರುಗಳಲ್ಲಿದ್ದ ಇತರ ಪ್ರತಿಗಳಿಗೂ ದೋಷ ತಗುಲಿತ್ತು; ಸರ್ವರುಗಳ ಸಂಪರ್ಕವಿಲ್ಲದೆ ಬೇರೆ ಇರಿಸಿದ್ದ ಟೇಪುಗಳಿಂದ ಗೂಗಲ್ ಪತ್ರಗಳನ್ನು ಮರಳಿ ತಂದಿತು. ಬ್ಯಾಕಪ್ಪಿನ ಧರ್ಮ ಅದು. ಅಲ್ಲಿ ಯಾರೂ ತಾವು ಎಸೆದದ್ದನ್ನು ಹುಡುಕಿಕೊಡಿರೆಂದು ಕೇಳಿರಲಿಲ್ಲ, ಇಟ್ಟುಕೊಂಡದ್ದನ್ನು ಕೇಳಿದ್ದರು.

ಇನ್ನು ನಮ್ಮ ಮುಂದಿರುವ ಸಲಹೆಯನ್ನು ನೋಡಿ. ಸಾಮಾನ್ಯವಾಗಿ ಬ್ಯಾಕಪ್ ನಡೆಯುವುದು ರಾತ್ರಿ, ಕಚೇರಿ ಮುಚ್ಚಿದ ಮೇಲೆ. ಬೆಳಗ್ಗೆ ಹತ್ತಕ್ಕೆ ಬಂದ ಪತ್ರವನ್ನು ಸಂಜೆ ಐದಕ್ಕೆ ಅಳಿಸಿ ಕಸದ ಬುಟ್ಟಿಯನ್ನೂ ಬರಿದುಮಾಡಿದರೆ, ಸರ್ವರೇ ಪ್ರತ್ಯೇಕವಾಗಿ ಅದನ್ನು ಹಿಡಿದಿಟ್ಟುಕೊಳ್ಳದ ಹೊರತು, ಆ ರಾತ್ರಿಯ ಬ್ಯಾಕಪ್ಪಿನಲ್ಲಿ ಅದು ಇರುವುದಿಲ್ಲ. ಹಾಗಿದ್ದ ಮೇಲೆ ಯಾವ ಪತ್ರವೂ ತಪ್ಪಿಸಿಕೊಳ್ಳಬಾರದೆನ್ನುವವನು ಏನು ಮಾಡಬೇಕು? ಪತ್ರ ಬಂದ ಕ್ಷಣದಲ್ಲೇ, ಪಡೆದವನು ತೆರೆಯುವ ಮುನ್ನವೇ, ಎರಡನೆಯ ಪ್ರತಿ ತೆಗೆಯುವ ಏರ್ಪಾಡು ಮಾಡಬೇಕು. ಆಕಸ್ಮಿಕಕ್ಕೂ ಈ ಏರ್ಪಾಡಿಗೂ ಸಂಬಂಧವೇ ಇಲ್ಲ. ಇದು ಹೆದರುವುದು ಯಂತ್ರದ ದೋಷಕ್ಕಲ್ಲ, ಮನುಷ್ಯನ ಬೆರಳಿಗೆ. ಹೆದರಿಕೆ ಸಕಾರಣವೇ ಇರಬಹುದು. ಆದರೆ ಅದಕ್ಕೆ ದಫ್ತರು ಎನ್ನಿ, ಇಲ್ಲವೇ ಕಾವಲು ಎನ್ನಿ. ಬ್ಯಾಕಪ್ ಎನ್ನಬೇಡಿ.

ಹೆಸರಿನ ಬಗ್ಗೆ ಇಷ್ಟು ಜಗಳವೇಕೆ ಎನ್ನುವವರಿದ್ದಾರೆ. ದಫ್ತರಿಗೆ ನಿಯಮಗಳಿರುತ್ತವೆ, ಅದಕ್ಕಾಗಿಯೇ ಜಗಳ. ದಲಾಲ್ ಸ್ಟ್ರೀಟಿನ ಶೇರು ದಲ್ಲಾಳಿ ತನ್ನ ವ್ಯವಹಾರದ ದಾಖಲೆಗಳನ್ನು ಗೊತ್ತುಪಡಿಸಿದ ಅವಧಿಯವರೆಗೆ ಕಾಯ್ದಿಡಬೇಕೆಂದು ಸೆಬಿಯ ನಿಯಮವಿದೆ; ದಲ್ಲಾಳಿಗೂ ಗೊತ್ತು, ಗಿರಾಕಿಗೂ ಗೊತ್ತು. ನಮ್ಮವರು ಕಚೇರಿಗಳಲ್ಲಿ ಬರೆಯುತ್ತಿದ್ದ ಆವಕ-ಜಾವಕ ವಹಿಯೂ ಹಾಗೆಯೇ ಮೇಜಿನ ಮೇಲೆ ತೆರೆದೇ ಬಿದ್ದಿರುತ್ತಿತ್ತು. ಬ್ಯಾಕಪ್ಪಿಗಾದರೋ ಅವಧಿಯಿಲ್ಲ, ಪಾಲಕನಿಲ್ಲ, ಯಾರು ಯಾವಾಗ ತೆರೆದರೆಂಬ ನಮೂದಿಲ್ಲ. ಆ ಹೆಸರಿನಡಿ ಬಚ್ಚಿಟ್ಟ ಪ್ರತಿಗೆ ಲೆಕ್ಕ ಒಪ್ಪಿಸುವವರೇ ಇಲ್ಲ.

ಫೋರ್ಟಿನಲ್ಲೇ ಇರುವ ಜನರಲ್ ಪೋಸ್ಟ್ ಆಫೀಸನ್ನು ನೆನೆಯೋಣ. ಜಾನ್ ಬೆಗ್ ರೂಪಿಸಿದ ಆ ಕಟ್ಟಡ ಮುಗಿದದ್ದು 1913ರಲ್ಲಿ. ಅದರ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಲಗುಮ್ಮಟವೇ ಸ್ಫೂರ್ತಿಯೆನ್ನುತ್ತಾರೆ. ಊರಿಗೆ ಮನಿಯಾರ್ಡರ್ ಕಳುಹಿಸಲು ಅದರಡಿ ಸಾಲು ನಿಂತವರು ನಮ್ಮ ಬಳಗದಲ್ಲಿ ಇನ್ನೂ ಇದ್ದಾರೆ. ವಿಳಾಸದಾರರು ಸಿಕ್ಕದ ಪತ್ರಗಳನ್ನು ಅಂಚೆಯವರು ಏನು ಮಾಡುತ್ತಿದ್ದರು? ಈಚೆಗೆ ರದ್ದಾಗುವವರೆಗೆ ಜಾರಿಯಲ್ಲಿದ್ದ 1898ರ ಅಂಚೆ ಕಾಯಿದೆ ಅದನ್ನು ಹೇಳುತ್ತಿತ್ತು: ಅದಕ್ಕೆಂದೇ ನೇಮಕಗೊಂಡ ಅಧಿಕಾರಿ ಮಾತ್ರ ಅಂಥ ಪತ್ರವನ್ನು ತೆರೆಯಬಹುದು, ಕಳುಹಿಸಿದವರ ಹೆಸರು, ವಿಳಾಸ ತಿಳಿಯಲು ಎಷ್ಟು ಬೇಕೋ ಅಷ್ಟೇ ಓದಬೇಕು, ಓದಿದ್ದನ್ನು ಗುಟ್ಟಾಗಿಡಲು ಆತ ಬದ್ಧ. ಪರಕೀಯ ಸರಕಾರದ ಕಾನೂನು ಅದು, ನಮ್ಮ ಮೇಲೆ ಪ್ರೀತಿಯುಕ್ಕಿ ಬರೆದದ್ದಲ್ಲ. ಪತ್ರಗಳನ್ನು ತಡೆಹಿಡಿಯುವ ಅಧಿಕಾರವನ್ನೂ ಅದೇ ಕಾಯಿದೆ ಸರಕಾರಕ್ಕೆ ಕೊಟ್ಟಿತ್ತು. ಆದರೂ ಅನಾಥ ಪತ್ರವೊಂದನ್ನು ತೆರೆಯುವ ಕೈಗೆ ಅದು ಮಿತಿ ಹಾಕಿತ್ತು. ನಮ್ಮ ಸಮಿತಿಯ ಮುಂದೆ ಬಂದ ಸಲಹೆಯಲ್ಲಿ ಅಷ್ಟೂ ಇರಲಿಲ್ಲ. ಗುಪ್ತ ಖಾತೆಯ ಪಾಸ್‌ವರ್ಡ್ ಯಾರ ಬಳಿ ಇರಬೇಕೆಂದು ಕೇಳಿದಾಗ ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ಅಳಿಸಿದ್ದು ಉಳಿದುದರಿಂದಲೇ ಸತ್ಯ ಹೊರಬಿದ್ದ ನಿದರ್ಶನಗಳನ್ನು ನಮ್ಮೆದುರು ಇಡಲಾಗಿದೆ. ಅವುಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ್ದು. 1986ರ ನವೆಂಬರಿನಲ್ಲಿ ಇರಾನ್-ಕಾಂಟ್ರಾ ಹಗರಣ ಬಯಲಾಗುತ್ತಿದ್ದಾಗ ಶ್ವೇತಭವನದ ಅಧಿಕಾರಿಗಳಾದ ಜಾನ್ ಪಾಯಿಂಡೆಕ್ಸ್ಟರ್ ಮತ್ತು ಆಲಿವರ್ ನಾರ್ತ್ ತಮ್ಮ 5,000ಕ್ಕೂ ಹೆಚ್ಚು ಮಿಂಚಂಚೆಗಳನ್ನು ಅಳಿಸಿಹಾಕಿದರು; ಬ್ಯಾಕಪ್ ಟೇಪುಗಳಲ್ಲಿ ಅವು ಉಳಿದಿದ್ದವು, ತನಿಖೆಗೆ ದೊರೆತವು. ನಿಜ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ಅರ್ಧ ಸತ್ಯ. 1989ರ ಜನವರಿಯಲ್ಲಿ, ರೇಗನ್ ಅಧಿಕಾರ ಬಿಟ್ಟಿಳಿಯುವ ಹೊತ್ತಿಗೆ, ಆ ಆಡಳಿತದ ಟೇಪುಗಳೇ ಅಳಿಸಿಹೋಗುವುದರಲ್ಲಿದ್ದವು. ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಎಂಬ ಸಂಸ್ಥೆ ಮತ್ತಿತರರು ನ್ಯಾಯಾಲಯಕ್ಕೆ ಓಡಬೇಕಾಯಿತು. ಮಿಂಚಂಚೆಯೂ ಸರಕಾರದ ದಾಖಲೆಯೆಂಬ ತೀರ್ಪು 1993ರಲ್ಲಿ ಬಂದ ಮೇಲಷ್ಟೇ ಅವುಗಳಿಗೆ ರಕ್ಷಣೆ ಸಿಕ್ಕಿತು. ಮೊದಲ ಸಲ ಉಳಿಸಿದ್ದು ಅದೃಷ್ಟ, ಎರಡನೆಯ ಸಲ ಉಳಿಸಿದ್ದು ಬಹಿರಂಗವಾಗಿ ನಡೆದ ವ್ಯಾಜ್ಯ. ನಮಗೆ ಬೇಕಾದದ್ದು ಎರಡನೆಯದು.

ಮುಂಬಯಿಯದೇ ಉದಾಹರಣೆ ಬೇಕೆನ್ನುವವರಿಗೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನ ಪ್ರಕರಣವಿದೆ. 2022ರ ಫೆಬ್ರವರಿ 11ರ ಸೆಬಿ ಆದೇಶದ ತುಂಬ ಹಲವು ವರ್ಷ ಹಿಂದಿನ ಮಿಂಚಂಚೆಗಳೇ ಇವೆ. ಲ್ಯಾಪ್‌ಟಾಪುಗಳನ್ನು ಇ-ತ್ಯಾಜ್ಯವೆಂದು ವಿಲೇವಾರಿ ಮಾಡಲಾಗಿತ್ತು. ಕೋಟಿಗಟ್ಟಲೆ ಜನರ ಉಳಿತಾಯ ಓಡಾಡುವ ಸಂಸ್ಥೆಯ ಪತ್ರವ್ಯವಹಾರವನ್ನು ಬರೆದವರ ಮರ್ಜಿಗೆ ಬಿಡಬಾರದೆಂಬುದು ಅದರಿಂದ ಸ್ಪಷ್ಟ. ನಾವೂ ಅದನ್ನೇ ಹೇಳುತ್ತೇವೆ: ಸಂಸ್ಥೆಯ ಪತ್ರ ಸಂಸ್ಥೆಯದು, ಕಾರ್ಯದರ್ಶಿಯದಲ್ಲ. ಅದನ್ನು ನಿಯಮ ಬರೆದು ಕಾಯಿರಿ.

'ಕಡತ' ಎಂಬ ನಮ್ಮ ಮಾತನ್ನೇ ನೋಡಬಹುದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಹೊತ್ತಗೆ ಅದು. ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗೆ ಸುಲಭವಾಗಿ ಅಳಿಸಬಹುದಾಗಿದ್ದ ಕಡತಗಳು ಶೃಂಗೇರಿ ಮಠದಲ್ಲಿ ಉಳಿದುಬಂದು ಇತಿಹಾಸಕಾರರಿಗೆ ಆಕರವಾಗಿವೆ. ಅವು ಉಳಿದದ್ದು ಅಳಿಸಲಾಗದೆ ಹೋದುದರಿಂದಲ್ಲ. ಯಾವುದು ಉಳಿಯಬೇಕೆಂದು ಯಾರೋ ಕುಳಿತು ಯೋಚಿಸಿದ್ದರು, ಯಾರೋ ಕಾದಿದ್ದರು. ನಮ್ಮ ಹಿರಿಯರ ನೆನಪುಗಳು ಹೋದದ್ದೂ ಸರ್ವರಿನ ದೋಷದಿಂದಲ್ಲ. ಬಂದ ದಿನವೇ ಅವುಗಳನ್ನು ಬೇರೆ ತೆಗೆದಿರಿಸುವ ಕೆಲಸವನ್ನು ನಾವು ಯಾರಿಗೂ ವಹಿಸಿರಲಿಲ್ಲ. ಎಲ್ಲವನ್ನೂ ಗುಟ್ಟಾಗಿ ಕೂಡಿಡುವ ಯಂತ್ರವೊಂದು ಬಂದರೆ ಆ ಸೋಮಾರಿತನ ಇನ್ನಷ್ಟು ಬೆಳೆದೀತು.

ಇನ್ನೊಂದು ಪತ್ರದ ವಿಷಯ ಹೇಳಲೇಬೇಕು. ಬಳಗದ ಸದಸ್ಯೆಯೊಬ್ಬರು ಪತಿಯ ಚಿಕಿತ್ಸೆಗೆ ಸಹಾಯ ಕೋರಿ ಬರೆದಿದ್ದರು. ರೋಗದ ವಿವರ, ಸಾಲದ ವಿವರ, ಮನೆಯೊಳಗಿನ ಮಾತು ಎಲ್ಲ ಅದರಲ್ಲಿತ್ತು. ನೆರವು ತಲುಪಿದ ಮೇಲೆ, 'ಆ ಪತ್ರ ತೆಗೆದುಹಾಕಿ ಅಣ್ಣಾ' ಎಂದು ಕಾರ್ಯದರ್ಶಿಗಳನ್ನು ಕೇಳಿಕೊಂಡರು. ಅವರು ತೆಗೆದುಹಾಕಿ, 'ಆಯಿತು ತಾಯಿ, ಈಗ ಇಲ್ಲ' ಎಂದರು. ಸಲಹೆಯಂತೆ ಗುಪ್ತ ಖಾತೆ ಅಂದೇ ಇದ್ದಿದ್ದರೆ ಆ ಮಾತು ಸುಳ್ಳಾಗುತ್ತಿತ್ತು. ಹೇಳಿದವರಿಗೂ ಅದು ಸುಳ್ಳೆಂದು ತಿಳಿಯುತ್ತಿರಲಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಕನ್ನಡಿಗರೆಂದು ಅವರ ಬಗ್ಗೆ ಹೆಮ್ಮೆಪಟ್ಟುಕೊಳ್ಳುವ ನಾವು ನಮ್ಮದೇ ಸದಸ್ಯೆಗೆ ಹೀಗೆ ಮಾಡಬಹುದೇ?

ಅಳಿಸಿದ್ದು ಆ ಕ್ಷಣವೇ ಇಲ್ಲವಾಗಬೇಕೆಂದು ನಾವು ಹಟ ಹಿಡಿದಿಲ್ಲ. ಬೆರಳು ತಪ್ಪುತ್ತದೆ, ನಮ್ಮದೇ ತಪ್ಪಿದೆ. ಜಿಮೇಲ್ ಕಸದ ಬುಟ್ಟಿಯಲ್ಲಿ ಬಿದ್ದ ಪತ್ರವನ್ನು 30 ದಿನ ಇಟ್ಟಿರುತ್ತದೆ. ಬ್ಯಾಕಪ್ ಪ್ರತಿಗಳಿಂದ ಪೂರ್ತಿ ಹೋಗಲು 6 ತಿಂಗಳವರೆಗೂ ಹಿಡಿಯಬಹುದೆಂದು ಗೂಗಲ್ ಬರೆದೇ ಹೇಳುತ್ತದೆ. ಲಾಭಕ್ಕಾಗಿ ನಡೆಯುವ ಕಂಪನಿ ಹೇಳಬಲ್ಲ ಮಾತನ್ನು ಸಾಹಿತ್ಯ ಬಳಗವೊಂದು ಹೇಳಲಾರದೆ? ಅಳಿಸಿದ ಪತ್ರ ಸರ್ವರಿನಲ್ಲಿ 90 ದಿನ ಇರಲಿ, ಆಮೇಲೆ ಹೋಗಲಿ. ಅಷ್ಟರೊಳಗೆ ಮರಳಿ ತೆಗೆಯಬೇಕಾದರೆ ಇಬ್ಬರು ಪದಾಧಿಕಾರಿಗಳ ಒಪ್ಪಿಗೆಯಿರಲಿ, ತೆಗೆದದ್ದು ವಹಿಯಲ್ಲಿ ನಮೂದಾಗಲಿ. ಬರಹಗಾರರ ಪತ್ರಗಳನ್ನೂ ಠರಾವುಗಳನ್ನೂ ಬಂದ ವಾರದಲ್ಲೇ ಬೇರೆ ತೆಗೆದು ಮುದ್ರಿಸಿಡಲು ಒಬ್ಬರು ದಫ್ತರು ಪಾಲಕರಿರಲಿ. ಈ ಕ್ರಮವನ್ನು ಬಳಗದಿಂದ ಹೊರಡುವ ಪ್ರತಿ ಮಿಂಚಂಚೆಯ ಕೆಳಗೆ ಎರಡು ಸಾಲಿನಲ್ಲಿ ಅಚ್ಚ ಕನ್ನಡದಲ್ಲಿ ಬರೆಯೋಣ.

ಈ ತಿದ್ದುಪಡಿಯನ್ನು ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಲಿದ್ದೇವೆ. ದಫ್ತರು ಪಾಲಕರ ಕೆಲಸಕ್ಕೆ ಫೋರ್ಟಿನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಆವಕ-ಜಾವಕ ನೋಡಿಕೊಂಡಿದ್ದ ಹಿರಿಯರೊಬ್ಬರು ಒಪ್ಪಿದ್ದಾರೆ. ಅವರದು ಒಂದೇ ಷರತ್ತು: ವಹಿ ಕಾಗದದ್ದಾಗಿರಬೇಕು.