ಪಾಳು ಬೀಳಲಿಕ್ಕೂ ಒಂದು ನಿಲ್ದಾಣ ಬೇಕು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಹಳಿಗುಂಟ ನಡೆದರೆ ಮೀಟರ್‌ಗೇಜ್ ಕಾಲದ ಕುರುಹುಗಳು ಇನ್ನೂ ಅಲ್ಲಲ್ಲಿ ಸಿಗುತ್ತವೆ. ಅಂಥದೊಂದು ಹಳೆಯ ಟೇಶನ್ ಕಟ್ಟಡದೊಳಗೆ ಹೋಗಿದ್ದೆ. ಮಾಡು ಅರ್ಧ ಕುಸಿದಿತ್ತು, ಕಲ್ಲಿನ ಗೋಡೆ ಮಾತ್ರ ಗಟ್ಟಿ. ಟಿಕೆಟ್ ಕಿಂಡಿಯ ಕೆಳಗಿನ ಕಲ್ಲು ನಟ್ಟನಡುವೆ ತುಸು ತಗ್ಗಾಗಿತ್ತು. ಚಿಲ್ಲರೆ ಸರಿಸಿ ಸರಿಸಿ ಕೈಗಳು ಸವೆಸಿದ ತಗ್ಗು ಅದು. ಹೊರಗೆ ಬೇಲಿಗೂಟಗಳಾಗಿ ನಿಂತದ್ದು ಹಳಿಯ ತುಂಡುಗಳು. ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಕೂಗಿದರು: “ಏನ್ ಹುಡುಕಾಕತ್ತೀರಿ? ಹಾವದಾವ್ ಅಲ್ಲಿ.” ಸುಮ್ಮನೆ ನೋಡಲು ಬಂದೆ ಅಂದೆ. “ಗಾಡಿ ನಿಲ್ಲೂ ಮುಂದ ಯಾರೂ ನೋಡಾಕ ಬರಲಿಲ್ಲ ನೋಡ್ರಿ” ಎಂದು ನಕ್ಕರು.

ಆ ನಗು ನನ್ನನ್ನು ಕಟ್ಟಿಹಾಕಿತು. ಗಾಡಿ ನಿಲ್ಲುತ್ತಿದ್ದಾಗ ಕಣ್ಣಿಗೆ ಬೀಳದ ಕಟ್ಟಡ ಪಾಳು ಬಿದ್ದ ಮೇಲೆ ಚಂದ ಕಾಣುವುದೇಕೆ? ಇಂಥವನ್ನು ಉಳಿಸಬೇಕೆ, ಉಳಿಸುವುದಾದರೆ ಯಾರಿಗಾಗಿ?

ಮರುಗುವುದು ಸುಲಭ. ಕೈಮರ ಬೀಳುವ ಸದ್ದು, ಬೆತ್ತದ ಬಳೆಗೆ ಕಟ್ಟಿದ ಟೋಕನ್ನನ್ನು ಓಡುವ ಎಂಜಿನ್ನಿನಿಂದ ಹಿಡಿಯುವ ಕೈ, ರಟ್ಟಿನ ಟಿಕೆಟ್ಟಿಗೆ ಬೀಳುವ ತಾರೀಖಿನ ಮುದ್ರೆ: ಇವೆಲ್ಲ ಸವಿಯಾದ ನೆನಪುಗಳೇ. ಆದರೆ ಹಳೆಯ ನಿಲ್ದಾಣವನ್ನು ನೆನಪಿನ ಪೆಟ್ಟಿಗೆಯಾಗಿ ಮಾತ್ರ ನೋಡಿದರೆ ಅದರ ಅರ್ಧ ಮಾತೂ ಕೇಳಿಸುವುದಿಲ್ಲ. ಅದು ಮೊದಲಿಗೆ ಒಂದು ಲೆಕ್ಕದ ವಹಿ. ಹಳಿ ಯಾರಿಗಾಗಿ ಬಂತು, ಗಾಡಿ ಯಾರಿಗಾಗಿ ನಿಂತಿತು, ಯಾರನ್ನು ಬಿಟ್ಟು ಮುಂದೆ ಹೋಯಿತು ಎಂಬುದೆಲ್ಲ ಅದರಲ್ಲಿ ಬರೆದಿದೆ.

ಆ ವಹಿಯ ಮೊದಲ ಪುಟ ಬರಗಾಲದ್ದು. 1876–78ರ ಬರ ಈಗಿನ ವಿಜಯಪುರ, ಬಾಗಲಕೋಟೆ ಸೀಮೆಯನ್ನು ಹಿಂಡಿಹಾಕಿತು. ಬೇರೆ ಕಡೆಯಿಂದ ಕಾಳು ತರಲು ದಾರಿಯೇ ಇಲ್ಲವೆಂಬುದು ಆಗ ಸರಕಾರಕ್ಕೆ ಮನದಟ್ಟಾಯಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹೋಟಗಿಯಿಂದ ಗದಗಿನವರೆಗೆ ಮೀಟರ್‌ಗೇಜ್ ಹಳಿ ಹಾಕಿದ್ದು ಈ ಹಿನ್ನೆಲೆಯಲ್ಲಿ. ಬರಕ್ಕೆ ಮದ್ದಾಗಿ ಬಂದ ಹಳಿ ಒಳ್ಳೆಯ ವರ್ಷಗಳಲ್ಲಿ ಹತ್ತಿಯನ್ನೂ ಕಾಳನ್ನೂ ಹೊರಗೆ ಒಯ್ಯುವ ದಾರಿಯೂ ಆಯಿತು. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಕೆಟ್ಟ ವರ್ಷಕ್ಕೆಂದು ಕಾಯುತ್ತಿದ್ದರು. ಹಗೇವು ಊರಲ್ಲೇ ಉಳಿಯುವ ಉಳಿತಾಯ, ಹಳಿ ಊರಾಚೆ ಹೋಗುವ ವ್ಯಾಪಾರ. ಅದೇ ಹಳಿ ಹಸಿದವರಿಗೆ ಕಾಳು ತರಬಲ್ಲದು, ಹಸಿದವರ ಕಣ್ಣೆದುರೇ ಕಾಳು ಒಯ್ಯಲೂಬಲ್ಲದು. ಯಾವುದು ನಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಕೊಳ್ಳುವವನ ಕೈಯಲ್ಲಿರುವ ರೊಕ್ಕ.

ಎರಡನೆಯ ಪುಟ ನಿಲ್ದಾಣದ ಹೆಸರುಗಳಲ್ಲಿದೆ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್. ರೈಲ್ವೆಯ ಭಾಷೆಯಲ್ಲಿ ‘ರೋಡ್’ ಅಂದರೆ ಊರು ಇಲ್ಲಿಲ್ಲ, ಇಲ್ಲಿ ಇಳಿದು ರಸ್ತೆ ಹಿಡಿದು ಹೋಗಬೇಕು ಎಂದರ್ಥ. ಹಳಿ ಊರಿನ ಬಾಗಿಲಿಗೆ ಬರಲಿಲ್ಲ, ಊರೇ ಗಂಟುಮೂಟೆ ಹೊತ್ತು ಹಳಿಯ ಕಡೆಗೆ ನಡೆಯಿತು. ಹಳದಿ ಫಲಕದ ಮೇಲಿನ ಈ ಎರಡಕ್ಷರದಲ್ಲಿ ಯೋಜನೆ ಮಾಡಿದವರ ಮನಸ್ಸು ಎಷ್ಟು ನೇರವಾಗಿ ಕಾಣುತ್ತದೆಂದರೆ, ಬೇರೆ ದಾಖಲೆ ಹುಡುಕಬೇಕಾಗಿಲ್ಲ.

ಮೂರನೆಯ ಪುಟ ನಮ್ಮ ಕಾಲದ್ದು. 1992ರಲ್ಲಿ ಶುರುವಾದ ಏಕರೂಪ ಗೇಜ್ ಯೋಜನೆಯ ಪ್ರಕಾರ ಒಂದು ಮೀಟರಿನ ಹಳಿ ಹೋಗಿ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಬಂತು. ಹೋಟಗಿ–ಗದಗ ಮಾರ್ಗ ಪೂರ್ತಿ ಬದಲಾಗಿದ್ದು 2008ರ ಹೊತ್ತಿಗೆ. ಇದನ್ನು ಅನ್ಯಾಯ ಎನ್ನಲಾಗದು. ಮೊದಲು ಮುಂಬಯಿ ಕಡೆಯ ಸರಕನ್ನೆಲ್ಲ ಹೋಟಗಿಯಲ್ಲಿ ಹಮಾಲರು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಿತ್ತು, ಪ್ರಯಾಣಿಕರೂ ಗಾಡಿ ಬದಲಿಸಬೇಕಿತ್ತು. ಆಮೇಲೆ ಜೋಡಿ ಹಳಿಯ ಮಾತು ಬಂತು. ಅದಕ್ಕೆ ದೊಡ್ಡ ಕಾರಣ ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎದ್ದ 2400 ಮೆಗಾವಾಟ್ ವಿದ್ಯುತ್ ಸ್ಥಾವರ. ಅದರ ಒಲೆಗೆ ಕಲ್ಲಿದ್ದಲು ಎಡೆಬಿಡದೆ ಬರಬೇಕು. ಅಂದು ಹತ್ತಿ, ಇಂದು ಕಲ್ಲಿದ್ದಲು. ಸರಕು ಬದಲಾಗಿದೆ, ದಾರಿಯ ಬದಿ ನಿಂತವನ ಜಾಗ ಬದಲಾಗಿಲ್ಲ. ಉದ್ದುದ್ದ ಗೂಡ್ಸ್ ಗಾಡಿಗಳ ಲೆಕ್ಕದಲ್ಲಿ, ದಿನಕ್ಕೆ ಹತ್ತು ಜನ ಹತ್ತಿಳಿಯುವ ಜಾಗ ಬರೀ ಒಂದು ತಡೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದೂ ಬಸವಣ್ಣ ಹುಟ್ಟಿದ ನೆಲದಿಂದಲೇ. ನಿಂತಲ್ಲೇ ನಿಲ್ಲುವ ಸ್ಥಾವರಕ್ಕೆ ಯಾಕೆ ಅಳಬೇಕು, ಚಲಿಸುವುದು ತಾನೆ ಮುಖ್ಯ? ಗಾಡಿ ಓಡುತ್ತಿದೆಯಲ್ಲ, ಕಲ್ಲುಗೋಡೆ ಬಿದ್ದರೆ ಬೀಳಲಿ. ಈ ಮಾತಿನಲ್ಲಿ ಹುರುಳಿದೆ. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಕಾಯುತ್ತ ಕೂತರೆ, ಆದಿಲ್‌ಶಾಹಿ ಗೋರಿ, ಮಸೀದಿ, ಬಾವಿಗಳು ಹೆಜ್ಜೆಗೊಂದಿರುವ ಈ ಜಿಲ್ಲೆಯಲ್ಲಿ ಬೇರೆ ಕೆಲಸವೇ ಆಗಲಿಕ್ಕಿಲ್ಲ. ಆದರೆ ನಿಲ್ದಾಣ ಗುಡಿಯಂಥ ಸ್ಥಾವರವಲ್ಲ. ಅದು ಇದ್ದದ್ದೇ ಜನ ಚಲಿಸಲಿ ಎಂದು. ಜನರಿಗೆ ಅದು ಬೇಡವಾಗಿ ಬಿದ್ದಿದ್ದರೆ ಮಾತು ಬೇರೆ. ಬೇಕಾಗಿದ್ದೂ ಲೆಕ್ಕಕ್ಕೆ ಸಿಗದೆ ಬಿದ್ದಿದ್ದರೆ ಆ ಗೋಡೆ ಸಾಕ್ಷಿ ಹೇಳುತ್ತದೆ. ಸಾಕ್ಷಿಯನ್ನು ಅಳಿಸುವ ಆತುರ ಯಾರಿಗಿರುತ್ತದೆ ಎಂದು ಬಿಡಿಸಿ ಹೇಳಬೇಕೆ?

ಹಾಗಾದರೆ ಉಳಿಸುವುದು ಹೇಗೆ? ಸುತ್ತ ತಂತಿಬೇಲಿ ಹಾಕಿ ನಾಮಫಲಕ ನೆಟ್ಟರೆ ಉಳಿಸಿದಂತಾಗುವುದಿಲ್ಲ, ಅದು ಪಾಳನ್ನೇ ಕಾಯಂ ಮಾಡಿದಂತೆ. ವಿಜಯಪುರದಲ್ಲೇ ಬೇರೆ ದಾರಿಯಿದೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ನಗಾರಿ ನಿಂತು ಎಷ್ಟೋ ಕಾಲವಾಯಿತು. ಅದು ವಸ್ತುಸಂಗ್ರಹಾಲಯವಾಗಿ ಬದುಕಿದೆ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್‌ನಂಥ ಹಳೆಯ ನಿಲ್ದಾಣಗಳಿಗೆ ಮತ್ತೆ ಜೀವ ಕೊಡಲು ಇಂಟ್ಯಾಕ್ ಸಂಸ್ಥೆ ಕೈಹಾಕಿದೆ. ಅಲ್ಲಿ ಬೆಂಗಳೂರಿನ ಪ್ರವಾಸಿಗರಿದ್ದಾರೆ, ಇಂಡಿಯ ಎರಿ ಹೊಲದ ನಡುವೆ ಆ ಆಸೆ ಬೇಡ. ಇಲ್ಲಿ ಆ ಕಟ್ಟಡ ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾಗಬಹುದು, ಲಿಂಬೆ ಬೆಳೆಗಾರರು ಮಾಲು ಕೂಡಿಡುವ ನೆರಳಾಗಬಹುದು. ಏನಾಗಬೇಕೆಂದು ಹೇಳುವವರು ಮಾತ್ರ ಆ ಊರಿನವರೇ ಆಗಿರಬೇಕು. ಒಮ್ಮೆಯಾದರೂ ಆ ನಿಲ್ದಾಣದ ವಿಷಯದಲ್ಲಿ ಅವರ ಮಾತು ನಡೆಯಲಿ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. ಒಮ್ಮೆ ಸಿಂದಗಿಯ ಗೆಳೆಯರೊಬ್ಬರೆದುರು ಈ ಹಳೆಯ ಟೇಶನ್ನಿನ ಕತೆ ಹೇಳಿದೆ. ಪೂರ್ತಿ ಕೇಳಿ ಅವರು ಅಂದರು: “ನಿಮ್ಮ ಕಡೆ ಪಾಳರೆ ಬಿದ್ದೈತಿ. ನಮ್ಮಲ್ಲಿ ಬೀಳಾಕರೆ ಏನೈತಿ?” ಖರೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಹಳಿಯೇ ಬಂದಿಲ್ಲ. ವಿಜಯಪುರದಿಂದ ಸಿಂದಗಿ ಮೇಲೆ ಶಹಾಬಾದಿಗೆ, ಆಲಮಟ್ಟಿಯಿಂದ ಮುದ್ದೇಬಿಹಾಳ ಮೇಲೆ ಯಾದಗಿರಿಗೆ ರೈಲು ಬೇಕೆಂಬ ಬೇಡಿಕೆಗಳು ಮನವಿಪತ್ರಗಳಲ್ಲೇ ಮುದಿಯಾಗಿವೆ. ಅಲ್ಲಿನವರಿಗೆ ಸವೆದ ಟಿಕೆಟ್ ಕಿಂಡಿಯ ನೆನಪೂ ಇಲ್ಲ, ಅದಕ್ಕಾಗಿ ಮರುಗುವ ಸೌಭಾಗ್ಯವೂ ಇಲ್ಲ.

ಆದ್ದರಿಂದ ಹಳೆಯ ನಿಲ್ದಾಣದ ಚಿಂತೆ, ಹೊಸ ಮಾರ್ಗದ ಕೂಗು ಎರಡು ಬೇರೆ ಮಾತಲ್ಲ. ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಹಳಿ ಹಾಕುವಾಗ ದಾರಿಯ ಬದಿಯ ಊರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆ ಪ್ರಶ್ನೆ ಕೇಳಲು ಒಂದು ಗುರುತಾದರೂ ಇರಲಿ ಎಂದೇ ಆ ತಗ್ಗು ಬಿದ್ದ ಕಲ್ಲು ಇದ್ದಲ್ಲೇ ಇರಬೇಕು ಅನ್ನುತ್ತೇನೆ.