ಬಿಸಿಲೇರುವ ಮುನ್ನ ಎಂಜಿನ್ ಸಪ್ಪಳಕ್ಕೆ ಕಿವಿಗೊಡಿ

ಶಿವರಾತ್ರಿ ಕಳೆದಿದೆ. ಬಾಗಲಕೋಟೆ ಜಿಲ್ಲೆಯಲ್ಲಿ ಏಪ್ರಿಲ್, ಮೇ ಹೊತ್ತಿಗೆ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಶಾಲೆಗಳಿಗೆ ಸೂಟಿ ಬಿದ್ದರೆ ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಅಮೀನಗಡ, ಹುನಗುಂದದ ಮೇಲೆ ಕೂಡಲಸಂಗಮ ಮುಟ್ಟುವ ಗಾಡಿಗಳ ಸಾಲು ಶುರುವಾಗುತ್ತದೆ. ಜನರಿಗೆ ಇದು ಯಾತ್ರೆ. ಎಂಜಿನ್ನಿಗೆ ಮಾತ್ರ ಅರ್ಧ ತಾಸು ಓಡುವುದು, ತಾಸುಗಟ್ಟಲೆ ಬಿಸಿಲಿನಲ್ಲಿ ನಿಲ್ಲುವುದು, ಮತ್ತೆ ಚಾಲೂ ಆಗುವುದು. ಹೀಗೆ ಚಾಲೂ ಮಾಡಿದಾಗ ಮೊದಲ ಎರಡು ಮೂರು ಸೆಕೆಂಡು ಕೇಳಿಸುವ ಕಟಕಟ ಸಪ್ಪಳದ ಬಗ್ಗೆ ಈಗಲೇ ಎಚ್ಚರಿಸಬೇಕಾಗಿದೆ. ಯಾಕೆಂದರೆ ಬೇಸಿಗೆಯಲ್ಲಿ ಗ್ಯಾರೇಜಿಗೆ ಹೋದವರಿಗೆ ಸಿಗುವ ಔಷಧ ಬಹುತೇಕ ಒಂದೇ: ‘ಬಿಸಲಿಗೆ ಆಯಿಲ್ ನೀರಾಗೈತ್ರೀ, ದಪ್ಪಂದು ಹಾಕಿಬಿಡೂಣು.’ ಸಪ್ಪಳ ನಿಲ್ಲುತ್ತದೆ, ಅದಕ್ಕೆ ಕಾರಣವಾದ ದೋಷ ಒಳಗೇ ಇರುತ್ತದೆ.

ಆಯಿಲ್ ನಿಜಕ್ಕೂ ನೀರಾಗುತ್ತದೆಯೇ? ಸಾಮಾನ್ಯ 5ಡಬ್ಲ್ಯೂ-30 ಆಯಿಲ್‌ನ ಸ್ನಿಗ್ಧತೆ 40 ಡಿಗ್ರಿಯಲ್ಲಿ 60ರಿಂದ 70 ಸೆಂಟಿಸ್ಟೋಕ್ಸ್ ಆಸುಪಾಸು ಇರುತ್ತದೆ. 100 ಡಿಗ್ರಿಯಲ್ಲಿ ಅದು 10–11ಕ್ಕೆ ಇಳಿಯುತ್ತದೆ. ಎಂಜಿನ್ ತಯಾರಿಸಿದವರು ಲೆಕ್ಕ ಹಾಕಿದ್ದು ಈ ಎರಡನೆಯ ಸ್ಥಿತಿಗೆ. ಅಂದರೆ ಬೆಳಗಿನಿಂದ ಓಡದೆ 42 ಡಿಗ್ರಿ ಬಿಸಿಲಲ್ಲಿ ನಿಂತ ಗಾಡಿಯ ಆಯಿಲ್ ಕೂಡ ಓಡುವಾಗಿನ ಆಯಿಲ್‌ಗಿಂತ ಐದಾರು ಪಟ್ಟು ದಪ್ಪ. ಅಮೀನಗಡದ ಕರದಂಟಿಗೆ ಬೆಲ್ಲದ ಪಾಕ ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಲೆಯ ಮೇಲಿನ ಪಾಕದ ಹರಿವೇ ಬೇರೆ, ಅಂಗಳದ ಬಿಸಿಲಿನಲ್ಲಿಟ್ಟ ಪಾಕದ ಹರಿವೇ ಬೇರೆ. ಇನ್ನು ಗಾಡಿ ಓಡತೊಡಗಿದ ಮೇಲೆ ಥರ್ಮೋಸ್ಟಾಟ್ ಕೂಲೆಂಟನ್ನು 90 ಡಿಗ್ರಿ ಸುತ್ತಮುತ್ತ ಹಿಡಿದಿಡುತ್ತದೆ. ಜನವರಿಯಾಗಲಿ, ಮೇ ಆಗಲಿ, ಆಯಿಲ್ 100ರ ಆಚೀಚೆ ಇರುತ್ತದೆ. ಎಸಿ ಹಾಕಿ, ಏಳೆಂಟು ಜನರನ್ನು ತುಂಬಿಕೊಂಡು ಏರು ಹತ್ತಿದರೆ ಇನ್ನಷ್ಟು ಕಾಯುತ್ತದೆ. ಸೂರ್ಯನ ಮೇಲೆ ಹೊರಿಸುವ ತಪ್ಪಿನಲ್ಲಿ ಮುಕ್ಕಾಲು ಪಾಲು ಸೂರ್ಯನದಲ್ಲ.

ಹಾಗಾದರೆ ಸಪ್ಪಳ ಎಲ್ಲಿಂದ? ಐಹೊಳೆಯಲ್ಲಿ ಗಾಡಿ ನಿಲ್ಲಿಸಿ ಕೀಲಿ ತಿರುಗಿಸಿದ ಕ್ಷಣ ಯೋಚಿಸಿ. ಫ್ಯಾನ್, ಪಂಪು ಎಲ್ಲ ನಿಂತಿವೆ, ಬಾನೆಟ್ ಒಳಗಿನ ಕಾವು ಹೊರಗೆ ಹೋಗುವ ದಾರಿಯಿಲ್ಲ. ಆಗಿನ ಆಯಿಲ್ ಅತಿ ತೆಳು. ಅದು ಎಂಜಿನ್ ತಲೆಯಿಂದ ಸರಸರ ಕೆಳಗಿನ ಚೇಂಬರಿಗೆ ಇಳಿದುಬಿಡುತ್ತದೆ. ಫಿಲ್ಟರಿನಲ್ಲಿರುವ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯಲು ಅದರೊಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರುಗಳಲ್ಲಿ ಈ ರಬ್ಬರು ಕಾವಿಗೆ ಬೇಗ ಬಿರುಸಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಮತ್ತೆ ಚಾಲೂ ಮಾಡಿದಾಗ ಪಂಪು ಖಾಲಿ ದಾರಿಯನ್ನು ತುಂಬಿಕೊಂಡು ಮೇಲೆ ಬರಬೇಕು. ಅಷ್ಟರಲ್ಲಿ ಟೈಮಿಂಗ್ ಚೈನಿನ ಟೆನ್ಷನರ್ ಒತ್ತಡವಿಲ್ಲದೆ ಸಡಿಲವಾಗಿರುತ್ತದೆ, ಚೈನು ಗಲಗಲ ಅನ್ನುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನುಗಳಲ್ಲಿ ಟಿಕ್‌ಟಿಕ್ ಕೇಳಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿ ಮುಂಜಾನೆ ಒಂದು ಸೆಕೆಂಡು ಟಿಕ್ ಅಂದು ಸುಮ್ಮನಾದರೆ ಗಾಬರಿ ಬೇಡ. ಬಿಸಿ ಎಂಜಿನ್ ಒಂದೇ ತಾಸು ನಿಂತು, ಪ್ರತಿ ಸಲ ಚಾಲೂ ಮಾಡಿದಾಗಲೂ ಗಲಗಲ ಅಂದರೆ, ಅದೂ ವಾರದಿಂದ ವಾರಕ್ಕೆ ಉದ್ದವಾಗುತ್ತಾ ಹೋದರೆ, ಅದು ಎಚ್ಚರಿಕೆಯೇ. ಕೆಳಗಿನಿಂದ ದಪ್ಪ ದನಿಯಲ್ಲಿ ಡಬ್‌ಡಬ್ ಬಂದರೆ ಬೇರಿಂಗ್ ಸವೆದಿರಬಹುದು. ಅಂಥ ಗಾಡಿಯನ್ನು ಯಾತ್ರೆಗೆ ಹೊರಡಿಸಬಾರದು.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಮಾತು. ಡೀಸೆಲ್ಲಿನ ಕಟಕಟ ತಂಪಿನಲ್ಲಿ ಹೆಚ್ಚು, ಕಾವಿನಲ್ಲಿ ಕಡಿಮೆ. ಅದು ಇಂಧನ ಹೊತ್ತಿಕೊಳ್ಳುವ ಸದ್ದು. ಬೇಸಿಗೆಯಲ್ಲಿ ಅದು ಮೆತ್ತಗಾಗುವ ಬದಲು ಜೋರಾದರೆ ಹವಾಮಾನವನ್ನು ಬೈದು ಪ್ರಯೋಜನವಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ಲುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಮಸಿಯನ್ನು ಸುಡಲು ಎಷ್ಟೋ ಎಂಜಿನ್ನುಗಳು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಸಣ್ಣ ಸಣ್ಣ ಓಟದಲ್ಲಿ ಈ ಸುಡುವಿಕೆ ನಡುವೆಯೇ ನಿಂತುಹೋದರೆ ಒಂದಿಷ್ಟು ಡೀಸೆಲ್ ಜಾರಿ ಆಯಿಲ್ ಸೇರುತ್ತದೆ. ಆಗ ಆಯಿಲ್ ನಿಜಕ್ಕೂ ತೆಳುವಾಗುತ್ತದೆ, ಬಿಸಿಲಿನ ಹಂಗಿಲ್ಲದೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿರುತ್ತದೆ. ಆಯಿಲ್ ಕಡಿಮೆಯೇ ಆಗಿಲ್ಲ, ಎಂಥ ಗಟ್ಟಿ ಎಂಜಿನ್ ಎಂದು ಮೀಸೆ ತಿರುವುವವರು ಆ ಕಡ್ಡಿಯನ್ನು ಒಮ್ಮೆ ಮೂಸಿ ನೋಡುವುದು ಒಳ್ಳೆಯದು.

ಈಗ ದಪ್ಪ ಆಯಿಲ್‌ನ ವಿಚಾರ. ಡಬ್ಲ್ಯೂ ಮುಂಚಿನ ಅಂಕಿ ಚಳಿಯ ಪರೀಕ್ಷೆಯದು. 20ಡಬ್ಲ್ಯೂ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 0ಡಬ್ಲ್ಯೂವನ್ನು ಮೈನಸ್ 35ರಲ್ಲಿ. ಡಿಸೆಂಬರಿನ ನಸುಕಿನಲ್ಲೂ ಸೊನ್ನೆಯ ಹತ್ತಿರ ಸುಳಿಯದ ನಮ್ಮ ಸೀಮೆಯಲ್ಲಿ 20ಡಬ್ಲ್ಯೂ-50 ಹಾಕಿದರೂ ಗಾಡಿ ಸಲೀಸಾಗಿ ಚಾಲೂ ಆಗುತ್ತದೆ. ಔಷಧದ ಮೇಲೆ ನಂಬಿಕೆ ಕೂತದ್ದೇ ಹೀಗೆ: ಸಪ್ಪಳ ಇಳಿಯಿತು, ತೊಂದರೆ ಕಾಣಲಿಲ್ಲ. ಆದರೆ 0ಡಬ್ಲ್ಯೂ-20ಕ್ಕೆಂದು ಕಟ್ಟಿದ ಎಂಜಿನ್ನಿನ ಕಿರಿದಾದ ದಾರಿಗಳಲ್ಲಿ, ವಾಲ್ವ್ ಸಮಯ ಬದಲಿಸುವ ಭಾಗಗಳಲ್ಲಿ ದಪ್ಪ ಆಯಿಲ್ ತಡವಾಗಿ ಹರಿಯುತ್ತದೆ, ಮೈಲೇಜೂ ಇಳಿಯುತ್ತದೆ. ಬಿಎಸ್-6 ಡೀಸೆಲ್ಲಿಗೆ ಬೂದಿ ಕಡಿಮೆಯಿರುವ ಆಯಿಲ್ಲೇ ಬೇಕು. ಹಳೆಯ ಲಾರಿ ಆಯಿಲ್ ಸುರಿದರೆ ಮಸಿ ಹಿಡಿಯುವ ಆ ದುಬಾರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಸವೆದ ಟೆನ್ಷನರಿನ ದೂರು ಕೇಳಿಸದಂತಾಗುತ್ತದೆ. ಹಾಗೆಂದು ದಪ್ಪವೆಲ್ಲ ತಪ್ಪಲ್ಲ. ಹಳೆಯ ಕ್ರೂಸರ್, ಜೀಪುಗಳ ಕೈಪಿಡಿ 15ಡಬ್ಲ್ಯೂ-40 ಅಂದಿದ್ದರೆ ಅದೇ ಸರಿ. ಕೈಪಿಡಿಯೇ ಎರಡು ಮೂರು ದರ್ಜೆಗಳಿಗೆ ಒಪ್ಪಿಗೆ ಕೊಟ್ಟಿದ್ದರೆ, ನಮ್ಮ ಬೇಸಿಗೆಗೆ ಅವುಗಳಲ್ಲೇ ದಪ್ಪನೆಯದನ್ನು ಆರಿಸುವುದು ಜಾಣತನ.

ಇಳಕಲ್ ಸುತ್ತಿನವರಿಗೆ ಬಿಸಿಲಿಗಿಂತ ಧೂಳಿನ ಕಾಟ ಹೆಚ್ಚು. ಗ್ರಾನೈಟ್ ಕ್ವಾರಿಗಳ ಧೂಳಿನಲ್ಲಿರುವ ಸ್ಫಟಿಕದ ಕಣ ಬೇರಿಂಗಿನ ಲೋಹಕ್ಕಿಂತ ಎಷ್ಟೋ ಗಡಸು. ಏರ್ ಫಿಲ್ಟರನ್ನು ಹವಾ ಹೊಡೆದು ಹೊಡೆದು ಮತ್ತೆ ಕೂರಿಸಿದರೆ ಅದರ ಕಾಗದ ಹರಿದು ದಾರಿ ಬಿಡುತ್ತದೆ. ಧೂಳಿನ ಊರುಗಳಲ್ಲಿ ಆಯಿಲನ್ನು ಬೇಗ ಬದಲಿಸಿ ಎಂದು ಬಹಳಷ್ಟು ಕೈಪಿಡಿಗಳೇ ಹೇಳುತ್ತವೆ. ಆ ಪುಟ ಮುಟ್ಟಿದವರು ಕಡಿಮೆ.

ಯುಗಾದಿಗೆ ಇನ್ನೂ ಸಮಯವಿದೆ. ಅಷ್ಟರೊಳಗೆ ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡಿ. ಆಯಿಲ್ ಫಿಲ್ಟರ್ ಬದಲಿಸಲು ಖರ್ಚಾಗುವುದು ಕೆಲವೇ ನೂರು ರೂಪಾಯಿ, ಕಂಪನಿಯದ್ದೇ ತನ್ನಿ. ಬ್ಯಾರೆಲ್ಲಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಬೇಡ. ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಮಿಸ್ತ್ರಿಗೆ ಅರ್ಧ ಕೆಲಸ ಹಗುರ, ಯಾಕೆಂದರೆ ಗ್ಯಾರೇಜಿಗೆ ಹೋದಾಗ ಅದು ಕೇಳಿಸುವುದಿಲ್ಲ. ಆಯಿಲ್ ಹೊಸದು, ಫಿಲ್ಟರ್ ಹೊಸದು, ದರ್ಜೆ ಸರಿ ಇದ್ದೂ ಸಪ್ಪಳ ಉಳಿದರೆ ಚೈನು, ಟೆನ್ಷನರ್ ಬಿಚ್ಚಿಸಿ ನೋಡುವುದೇ ದಾರಿ. ಇನ್ನು ಆಯಿಲ್ ಒತ್ತಡ ತಿಳಿಸುವ, ಗಿಂಡಿಯ ಚಿತ್ರದ ಕೆಂಪು ದೀಪ. ಚಾಲೂ ಮಾಡಿದ ಕೆಲವೇ ಸೆಕೆಂಡಿನಲ್ಲಿ ಅದು ಆರಬೇಕು. ಬಿಸಿ ಎಂಜಿನ್ ಐಡಲಿನಲ್ಲಿದ್ದಾಗ ಅದು ಮಿಣುಕಿದರೆ ಒತ್ತಡ ಬಿದ್ದಿದೆ ಎಂದೇ ಲೆಕ್ಕ: ಹುನಗುಂದದ ತನಕ ಹೇಗೋ ಹೋಗೋಣ ಅನ್ನಬೇಡಿ, ಅಲ್ಲೇ ಬಂದ್ ಮಾಡಿ ಗಾಡಿಯನ್ನು ಎಳೆಸಿಕೊಂಡು ಹೋಗಿ.