ಮನೆಯ ಪಾಠಶಾಲೆಗೆ ಗಂಟೆ ಬಾರಿಸುವವರು ಯಾರು?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಕುಟುಂಬಗಳು ಮುಂಬಯಿಯ ಕನ್ನಡಿಗರ ನಡುವೆಯೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ನಮ್ಮದೂ ಅವುಗಳಲ್ಲೊಂದು. ಈ ಸಂಗತಿ ತಿಳಿದೊಡನೆ ಜನರು ಕೇಳುವ ಪ್ರಶ್ನೆಗಳು ಎರಡು: ಪರೀಕ್ಷೆಯ ಗತಿಯೇನು? ಮಕ್ಕಳಿಗೆ ಗೆಳೆಯರು ಎಲ್ಲಿಂದ ಬರಬೇಕು? ಎರಡಕ್ಕೂ ಉತ್ತರವಿದೆ. ಯಾರೂ ಕೇಳದ ಮೂರನೆಯ ಪ್ರಶ್ನೆಯೊಂದುಂಟು. ಗೃಹಶಿಕ್ಷಣವು ಉಳಿಯುವುದೂ ಅಳಿಯುವುದೂ ಅದನ್ನೇ ಅವಲಂಬಿಸಿದೆಯೆಂದು ನನ್ನ ಅಭಿಪ್ರಾಯ. ಬೆಳಗಿನಿಂದ ಬೈಗಿನವರೆಗೆ ಅಡಚಣೆಗಳು ನುಗ್ಗುತ್ತಲೇ ಇರುವ ಮನೆಯಲ್ಲಿ ಓದಿನ ದಿನಚರಿಯನ್ನು ಕಾಯುವುದು ಹೇಗೆ, ಮತ್ತು ಅದನ್ನು ಕಾಯಬೇಕಾದವರು ಯಾರು?

ಪರೀಕ್ಷೆಯ ಮಾತನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯರ ಕರ್ತವ್ಯವೆನ್ನುತ್ತದೆ. ಹಾಗೆ ಸೇರಿಸದವರಿಗೆ ದಂಡವನ್ನು ಅದು ವಿಧಿಸಿಲ್ಲ. ಗೃಹಶಿಕ್ಷಣದ ಹೆಸರನ್ನೂ ಎತ್ತಿಲ್ಲ. ಈ ಮಬ್ಬನ್ನು ಅರಿತುಕೊಂಡೇ ಹೆಜ್ಜೆಯಿಡಬೇಕು. 1989ರಲ್ಲಿ ಹುಟ್ಟಿದ ರಾಷ್ಟ್ರೀಯ ಮುಕ್ತ ವಿದ್ಯಾಲಯವು 14 ವರ್ಷ ತುಂಬಿದವರಿಗೆ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಯನ್ನು ನಡೆಸುತ್ತದೆ. ಎಲ್ಲ ವಿಷಯಗಳನ್ನೂ ಒಮ್ಮೆಲೇ ಬರೆಯಬೇಕೆಂಬ ಕಟ್ಟಳೆ ಅಲ್ಲಿಲ್ಲ. ಬ್ಯಾಂಕಿನ ವರ್ಗಾವಣೆಯ ಆದೇಶವು ಶಾಲೆಯ ಪಂಚಾಂಗವನ್ನು ನೋಡಿಕೊಂಡು ಬರುವುದಿಲ್ಲವಾದ್ದರಿಂದ, 2021ರ ಜೂನಿನಲ್ಲಿ ನಾವು ಈ ದಾರಿಯನ್ನು ಹಿಡಿದೆವು.

ಇನ್ನು ಅಡಚಣೆಗಳ ವಿಚಾರ. ಅವುಗಳಲ್ಲಿ ದೊಡ್ಡವುಂಟು, ಚಿಕ್ಕವುಂಟು. ದೊಡ್ಡವುಗಳಿಂದ ದಿನಚರಿ ಕೆಡುವುದಿಲ್ಲವೆಂಬುದು ನಾನು ಕಂಡ ಸೋಜಿಗ. ಜುಲೈ ಮಳೆಗೆ ಲೋಕಲ್ ಗಾಡಿಗಳು ನಿಂತವು, ಮಗನಿಗೆ ಜ್ವರ ಬಂದಿತು, ಚೌತಿಗೆ ಊರಿಗೆ ಹೊರಟೆವು. ಆ ದಿನಗಳನ್ನು ರಜೆಯೆಂದು ಸಾರಿದರಾಯಿತು, ಮರಳಿ ಬಂದು ಬಿಟ್ಟಲ್ಲಿಂದ ಹಿಡಿಯಬಹುದು. ದಿನಚರಿಯನ್ನು ಗೆದ್ದಲಿನಂತೆ ತಿನ್ನುವವು ಚಿಕ್ಕ ಅಡಚಣೆಗಳೇ. ಒಂಬತ್ತೂವರೆಗೆ ಗ್ಯಾಸ್ ಸಿಲಿಂಡರಿನವನು. ಅವನು ಹೋದ ಹತ್ತು ನಿಮಿಷಕ್ಕೆ ಮೇಲ್ಮಹಡಿಯವರ ಪಾರ್ಸೆಲ್. ಅಷ್ಟರಲ್ಲಿ ದೂರವಾಣಿ. ಮಗುವು ದೊಡ್ಡ ಭಾಗಾಕಾರದ ನಡುವೆ ಇರುವಾಗ ಕರೆಗಂಟೆ ಬಾರಿಸಿದರೆ ಕಳೆದುಹೋಗುವುದು ಬಾಗಿಲು ತೆರೆದ ಎರಡು ನಿಮಿಷಗಳಲ್ಲ, ಆ ಲೆಕ್ಕದೊಳಕ್ಕೆ ಮತ್ತೆ ಇಳಿಯಲು ಬೇಕಾಗುವ ಇಪ್ಪತ್ತು ನಿಮಿಷಗಳು. ನಮ್ಮ ಶಾಖೆಗಳಲ್ಲಿಯೂ ಹೀಗೆಯೇ. ಲಕ್ಷ ರೂಪಾಯಿಯ ವ್ಯತ್ಯಾಸವು ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತದೆ. ಸಿಬ್ಬಂದಿಯನ್ನು ರಾತ್ರಿಯವರೆಗೆ ಕೂರಿಸುವವು ಚಿಲ್ಲರೆ ವ್ಯತ್ಯಾಸಗಳು.

ಕಟ್ಟಡದಲ್ಲಿ ಹಗಲು ಹೊತ್ತು ಬಾಗಿಲು ತೆರೆಯುವ ಮನೆ ನಮ್ಮದೆಂಬುದು ಪ್ರಚಾರವಾದ ಮೇಲೆ ನಮ್ಮ ಪಡಸಾಲೆಯು ಅಘೋಷಿತ ಅಂಚೆ ಕಚೇರಿಯಾಗಿಬಿಟ್ಟಿತು. ಊರಿನಿಂದ ಬಂದ ಬಂಧುಗಳು ನನ್ನ ಪತ್ನಿಗೆ ಹೇಳುವ ಮಾತೂ ಒಂದೇ: “ಹೇಗೂ ನೀ ಮನೆಯಲ್ಲೇ ಇರ್ತೀಯಲ್ಲ.” ಆಸ್ಪತ್ರೆಗೆ ಜೊತೆಗೆ ಬಾ, ದಾದರಿಗೆ ಹೋಗಿ ಸೀರೆ ನೋಡೋಣ, ಮಗುವನ್ನು ಎರಡು ತಾಸು ನೋಡಿಕೊ, ಎಲ್ಲವೂ ಈ ಒಂದು ಮಾತಿನ ಮರಿಗಳು. ಶಾಲೆಯ ಉಪಾಧ್ಯಾಯಿನಿಯನ್ನು ತರಗತಿಯಿಂದ ಎಬ್ಬಿಸಿ ಪಾರ್ಸೆಲ್ಲಿಗೆ ರುಜು ಹಾಕಿರೆನ್ನುವ ಧೈರ್ಯ ಯಾರಿಗಿದೆ? ಮನೆಯಲ್ಲಿ ಕಲಿಸುವ ತಾಯಿಯೂ ಉಪಾಧ್ಯಾಯಿನಿಯೇ. ಕುರ್ಚಿ, ಮೇಜು, ಸಂಬಳಗಳಿಲ್ಲವೆಂಬ ಮಾತ್ರಕ್ಕೆ ಆಕೆಯ ವೇಳೆ ಊರಿನವರೆಲ್ಲರ ಸೊತ್ತಾಗಬೇಕಿಲ್ಲ.

ಅಡಚಣೆಗಳು ಇಷ್ಟಿರುವಾಗ ವೇಳಾಪಟ್ಟಿಯೇ ಬೇಡವೆನ್ನುವವರೂ ಇದ್ದಾರೆ. ಅಮೆರಿಕದ ಜಾನ್ ಹೋಲ್ಟ್ ಎಂಬವರು 1977ರಲ್ಲಿ ಈ ವಿಚಾರಕ್ಕಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಮಗುವು ತನ್ನ ಕುತೂಹಲದ ಜಾಡನ್ನು ಹಿಡಿದು ಕಲಿಯಲಿ, ಪಾಠದ ಕಟ್ಟು ಬೇಡ ಎಂಬುದು ಅವರ ವಾದ. ಅದರಲ್ಲಿ ಸತ್ಯಾಂಶವಿದೆ. ಆದರೆ ಎರಡು ಕೋಣೆಗಳ ಮನೆಯಲ್ಲಿ, ಕೈಯೆಟುಕಿನಲ್ಲಿ ಮೊಬೈಲು ಇರುವಾಗ, ಕುತೂಹಲದ ಜಾಡು ಎತ್ತ ಸಾಗುತ್ತದೆಂಬುದು ತಂದೆತಾಯಿಯರಿಗೆಲ್ಲ ಗೊತ್ತಿರುವುದೇ. ಅತ್ತ ಶಾಲೆಯ ಗಂಟೆಗಳನ್ನು ಮನೆಗೆ ತಂದು, ಎಂಟಕ್ಕೆ ಗಣಿತ, ಎಂಟು ನಲವತ್ತಕ್ಕೆ ಇಂಗ್ಲಿಷ್ ಎಂದು ಗೋಡೆಗೆ ಅಂಟಿಸುವುದೂ ವ್ಯರ್ಥವೇ. ಮೊದಲನೆಯ ಪಾಠ ತಡವಾದರೆ ಉಳಿದವೆಲ್ಲವೂ ತಡ; ಮಧ್ಯಾಹ್ನದ ಹೊತ್ತಿಗೆ ತಾಯಿಗೆ ಸೋತ ಭಾವ, ಮಕ್ಕಳಿಗೆ ಬೈಗುಳ.

ನಾವು ಹಿಡಿದಿರುವುದು ನಡುವಿನ ದಾರಿ. ಗಡಿಯಾರಕ್ಕೆ ಕಟ್ಟಿದ್ದು ಮೂರನ್ನು ಮಾತ್ರ: ಏಳುವುದು, ಮಧ್ಯಾಹ್ನದ ಊಟ, ಮಲಗುವುದು. ಉಳಿದುದಕ್ಕೆ ವೇಳೆಯಿಲ್ಲ, ಕ್ರಮವುಂಟು. ಗಣಿತದ ಅನಂತರ ಭಾಷೆ, ಭಾಷೆಯ ಅನಂತರ ವಿಜ್ಞಾನ. ಅದು ಎಂಟಕ್ಕೆ ಆರಂಭವಾದರೂ ಸರಿ, ಹತ್ತಕ್ಕಾದರೂ ಸರಿ. ನಮ್ಮಲ್ಲಿ ನಗರಪಾಲಿಕೆಯ ನೀರು ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಬರುತ್ತದೆ. ನೀರು ತುಂಬಿ ನಲ್ಲಿ ನಿಂತೊಡನೆ ಪಾಠ. ಪಾಲಿಕೆಯೇ ನಮಗೆ ಪುಕ್ಕಟೆಯಾಗಿ ಗಂಟೆ ಬಾರಿಸುವ ಜವಾನ! ಪಾಠಗಳು ಚಿಕ್ಕವಿರಬೇಕೆಂದು ಇಂಗ್ಲೆಂಡಿನ ಶಾರ್ಲಟ್ ಮೇಸನ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದರು. ಮಗನಿಗೆ ಒಂದು ಪಾಠ ಇಪ್ಪತ್ತು ನಿಮಿಷ, ಮಗಳಿಗೆ ಮೂವತ್ತೈದು. ಇಪ್ಪತ್ತು ನಿಮಿಷಗಳ ಪಾಠವನ್ನು ಎರಡು ಕರೆಗಂಟೆಗಳ ನಡುವೆ ಮುಗಿಸಬಹುದು, ಒಂದು ಗಂಟೆಯದನ್ನು ಮುಗಿಸಲಾಗದು.

ಬ್ಯಾಂಕು ತನ್ನಲ್ಲಿಗೆ ಬಂದ ಠೇವಣಿಯನ್ನೆಲ್ಲ ಸಾಲ ಕೊಡುವುದಿಲ್ಲ. ಒಂದು ಪಾಲನ್ನು ಮೀಸಲಿಡಲೇಬೇಕೆಂಬುದು ನಿಯಮ. ವಾರದ ವೇಳೆಗೂ ಇದೇ ನಿಯಮ ಸಲ್ಲಬೇಕು. ಐದು ದಿನಗಳಿದ್ದರೆ ನಾಲ್ಕು ದಿನಗಳಿಗಾಗುವಷ್ಟು ಪಾಠವನ್ನು ಮಾತ್ರ ಗೊತ್ತುಪಡಿಸಿರಿ. ಐದನೆಯದು ಸಿಲಿಂಡರಿನವನಿಗೆ, ನೆಂಟರಿಗೆ, ಹಲ್ಲುನೋವಿಗೆ. ಯಾರೂ ಬಾರದಿದ್ದ ವಾರ ಮಕ್ಕಳಿಗೆ ವಸ್ತುಸಂಗ್ರಹಾಲಯವನ್ನೋ ಸಮುದ್ರ ದಂಡೆಯನ್ನೋ ತೋರಿಸಿರಿ.

ಆರೋಗ್ಯದ ಪುಟಗಳಿರುವ ಸಂಚಿಕೆಯಲ್ಲಿ ಇನ್ನೊಂದು ಮಾತನ್ನು ಹೇಳದಿರಲಾರೆ. ದಿನ ಕೆಟ್ಟಾಗ ನಾವು ಮೊದಲು ಕತ್ತರಿಸುವುದು ನಿದ್ರೆಯನ್ನು ಮತ್ತು ಆಟವನ್ನು. ಹಗಲು ತಪ್ಪಿದ ಪಾಠವನ್ನು ರಾತ್ರಿ ಹತ್ತಕ್ಕೆ ಕೂರಿಸಿ ಮುಗಿಸುವುದುಂಟು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆಗಳ, ಅದರಿಂದ ಮೇಲೆ 18ರವರೆಗೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ತಜ್ಞ ವೈದ್ಯರು ಹೇಳುತ್ತಾರೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವಂತೆ ಓಡಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಲೆಗೆ ನಡೆಯುವ, ಮೆಟ್ಟಿಲು ಹತ್ತುವ ಶ್ರಮವೂ ಇಲ್ಲದ ನಮ್ಮ ಮಕ್ಕಳಿಗೆ ಇದು ಹೆಚ್ಚು ಅಗತ್ಯ. ಹೊರಗಿನ ಬೆಳಕಿನಲ್ಲಿ ಕಳೆಯುವ ಹೊತ್ತು ಸಮೀಪದೃಷ್ಟಿಯ ದೋಷವನ್ನು ತಡೆಯಲು ಸಹಕಾರಿಯೆಂಬುದೂ ಸಂಶೋಧನೆಗಳಿಂದ ತಿಳಿದಿದೆ. ತಪ್ಪಿದ ಪಾಠ ನಾಳೆಗಿರಲಿ. ಸಂಜೆಯ ಆಟ ಆ ದಿನದ್ದೇ. ಜ್ವರದ ಹಾಸಿಗೆಯಲ್ಲಿ ಮಗ್ಗಿ ಹೇಳಿಸುವ ಉತ್ಸಾಹಿಗಳನ್ನೂ ನಾನು ಬಲ್ಲೆ, ಅವರಿಗೆ ಕೈಮುಗಿಯುತ್ತೇನೆ. ತಾಯಿಯ ಊಟವೂ ಮೂರು ಗಂಟೆಗೆ ಸರಿಯಬಾರದು. ಮಧ್ಯಾಹ್ನದ ಊಟವನ್ನು ಗಡಿಯಾರಕ್ಕೆ ಕಟ್ಟಿದ್ದು ಮಕ್ಕಳಿಗಿಂತ ಹೆಚ್ಚಾಗಿ ಆಕೆಗಾಗಿ.

ಮೇಲಿನ ಯಾವುದೂ ಒಬ್ಬಳ ಹೆಗಲಿನ ಮೇಲೆ ನಿಲ್ಲದು. ಗೃಹಶಿಕ್ಷಣವೆಂದು ನಾವು ಗಂಡಸರು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಗೃಹದಲ್ಲಿ ಇರುವವರು ಯಾರು? ಆರೂ ಮುಕ್ಕಾಲರಿಂದ ಅರ್ಧ ಗಂಟೆ ಮಗಳ ಗಣಿತ ನನ್ನದು. ಅನಂತರವೇ ಲೋಕಲ್ ಗಾಡಿ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ರಜೆ. ಆ ಎರಡು ದಿನ ಪಾಠ, ಅಡಿಗೆ, ಕರೆಗಂಟೆ ಮೂರೂ ನನ್ನವು. ಪತ್ನಿಗೆ ಪೂರ್ಣ ರಜೆ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸುವ ದಿನಗಳು ಬಂದಾಗ ಈ ಏರ್ಪಾಡು ನಿಲ್ಲುತ್ತದೆಂದು ಮೊದಲೇ ತಿಳಿದಿರುವುದರಿಂದ ಆ ತಿಂಗಳಿಗೆ ಹೊಸ ಪಾಠಗಳನ್ನಿಡುವುದಿಲ್ಲ. ಪಾರ್ಸೆಲ್ಲುಗಳನ್ನು ಈಗ ಕಾವಲುಗಾರನ ಕೋಣೆಯಲ್ಲಿ ಇಳಿಸುತ್ತಾರೆ. ಇದಕ್ಕೆ ಬೇಕಾದದ್ದು ಕಟ್ಟಡದ ಸಭೆಯಲ್ಲಿ ನಾನು ಎದ್ದು ಆಡಿದ ಎರಡು ಮಾತು. ಆಕೆ ಆಡಿದ್ದರೆ ಅಹಂಕಾರಿಯೆನ್ನುತ್ತಿದ್ದರು.

ಕಡೆಗೆ ಕನ್ನಡದ ಮಾತು. ಅಡಚಣೆಯ ದಿನ ಯಾವ ಪಾಠವನ್ನು ಬಿಡುವುದೆಂಬ ಪ್ರಶ್ನೆ ಬಂದಾಗ ಹೊರನಾಡಿನ ಮನೆಗಳಲ್ಲಿ ಬಿಟ್ಟುಹೋಗುವುದು ಕನ್ನಡವೇ. ಅದಕ್ಕೆ ಪರೀಕ್ಷೆಯಿಲ್ಲ, ಕೇಳುವವರಿಲ್ಲ. ಪರೀಕ್ಷೆಯಿಲ್ಲವೆಂಬುದು ಪೂರ್ತಿ ನಿಜವಲ್ಲ. ಮುಕ್ತ ವಿದ್ಯಾಲಯದ ಹತ್ತನೆಯ ತರಗತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಮುಂಬಯಿಯಲ್ಲಿ ಕುಳಿತೇ ಅದನ್ನು ಆರಿಸಿಕೊಳ್ಳಬಹುದು. ನಾವು ಭಾಷೆಗಳ ಕ್ರಮದಲ್ಲಿ ಕನ್ನಡವನ್ನು ಮೊದಲಿಗೆ ತಂದಿದ್ದೇವೆ. ದಿನ ತುಂಡಾದರೆ ತುಂಡಾಗುವುದು ಇಂಗ್ಲಿಷ್. ಅದನ್ನು ಈ ನಗರವೇ ಬೀದಿಬೀದಿಯಲ್ಲಿ ಕಲಿಸುತ್ತದೆ.

ನಮ್ಮ ಸಂಘದ ಗ್ರಂಥಾಲಯವು ಸಂಜೆ ಮಾತ್ರ ತೆರೆದಿರುತ್ತದೆ. ವಾರಕ್ಕೊಂದು ದಿನ, ಬುಧವಾರವೆನ್ನೋಣ, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅದನ್ನು ಮಕ್ಕಳಿಗಾಗಿ ತೆರೆದರೆ, ಇಂಥ ಕುಟುಂಬಗಳಿಗೆ ಕರೆಗಂಟೆಯಿಲ್ಲದ ಎರಡು ಗಂಟೆಗಳು ದೊರೆಯುತ್ತವೆ. ಗೆಳೆಯರೆಲ್ಲಿಂದ ಬರಬೇಕೆಂಬ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಕ್ಕೀತು. ಬೀಗದ ಕೈಯ ಹೊಣೆಯನ್ನು ಹೊರಲು ನಿವೃತ್ತ ಸದಸ್ಯರಿಬ್ಬರು ಈಗಾಗಲೇ ಒಪ್ಪಿದ್ದಾರೆ. ಕಾರ್ಯಕಾರಿ ಸಮಿತಿಯು ಮುಂದಿನ ಸಭೆಯಲ್ಲಿ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.